ಕ್ಲಬ್ಬಿನ ಅಂಗಳದಲ್ಲಿ ಹನ್ನೆರಡು ವಾರ: ನಡುವಯಸ್ಸಿನ ಗಂಡಸರ ಹೃದಯಕ್ಕೆ ಸ್ಕಾಟ್ಲೆಂಡ್ ಕಂಡುಕೊಂಡ ದಾರಿ

ತೂಕ ಇಳಿಸುವ ಗುಂಪುಗಳಿಗೆ ಗಂಡಸರನ್ನು ಕರೆತರುವುದು ಯಾವ ಊರಿನಲ್ಲಾದರೂ ಕಷ್ಟದ ಕೆಲಸ. ಬ್ರಿಟನ್ನಿನಲ್ಲಿ ಇಂಥ ಗುಂಪುಗಳಿಗೆ ಸೇರುವವರಲ್ಲಿ ಗಂಡಸರು ಹತ್ತಕ್ಕೆ ಒಬ್ಬರ ಆಸುಪಾಸು. ಹೃದಯದ ಕಾಯಿಲೆ ಮಾತ್ರ ಗಂಡಸರನ್ನೇ ಮೊದಲು ಹುಡುಕಿಕೊಂಡು ಬರುತ್ತದೆ, ಹೆಂಗಸರಿಗಿಂತ ಏಳರಿಂದ ಹತ್ತು ವರ್ಷ ಮುಂಚೆ. ನಲವತ್ತೈದು ದಾಟಿದ, ಹೊಟ್ಟೆ ಬಂದಿರುವ, ಬಿಪಿ ಎಷ್ಟಿದೆಯೆಂದು ಒಮ್ಮೆಯೂ ನೋಡಿಸಿಕೊಳ್ಳದ ಗಂಡಸು ತಾನಾಗಿ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವುದು ಅಪರೂಪ. ಹಾಗಾದರೆ ಅವನು ಯಾರೂ ಹೇಳದೆ, ಮಳೆ ಬಂದರೂ ತಪ್ಪಿಸದೆ ಹೋಗುವ ಜಾಗ ಯಾವುದು? ಸ್ಕಾಟ್ಲೆಂಡಿನಲ್ಲಿ ಅದಕ್ಕೆ ಉತ್ತರ ಹುಡುಕಬೇಕಾಗಿರಲಿಲ್ಲ. ಅದು ಅವನ ಊರಿನ ಫುಟ್‌ಬಾಲ್ ಕ್ಲಬ್ಬಿನ ಸ್ಟೇಡಿಯಂ.

ಈ ಯೋಚನೆಯಿಂದ ಹುಟ್ಟಿದ್ದು ‘ಫುಟ್‌ಬಾಲ್ ಫ್ಯಾನ್ಸ್ ಇನ್ ಟ್ರೈನಿಂಗ್’, ಚಿಕ್ಕದಾಗಿ ಎಫ್‌ಎಫ್‌ಐಟಿ. ಗ್ಲಾಸ್ಗೊ ವಿಶ್ವವಿದ್ಯಾಲಯದ ಕೇಟ್ ಹಂಟ್, ಸ್ಯಾಲಿ ವೈಕ್ ಮತ್ತು ಸಂಗಡಿಗರು ಸ್ಕಾಟ್ಲೆಂಡಿನ ಪ್ರಮುಖ ಲೀಗಿನ ಟ್ರಸ್ಟ್ ಜೊತೆ ಸೇರಿ ಇದನ್ನು ರೂಪಿಸಿದರು. 35ರಿಂದ 65 ವಯಸ್ಸಿನ, ಬಿಎಂಐ (ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಅಂಕಿ) 28 ಅಥವಾ ಅದಕ್ಕಿಂತ ಹೆಚ್ಚಿರುವ ಗಂಡಸರಿಗೆ ಉಚಿತ ಪ್ರವೇಶ. ವಾರಕ್ಕೊಂದು ಸಲ, ತಲಾ 90 ನಿಮಿಷ, ಒಟ್ಟು 12 ವಾರ. ನಡೆಸುವವರು ವೈದ್ಯರಲ್ಲ, ಡಯಟಿಷಿಯನ್ನರೂ ಅಲ್ಲ, ಕ್ಲಬ್ಬಿನ ಕೋಚ್‌ಗಳು. ಅವರಿಗೆ ಎರಡು ದಿನದ ತರಬೇತಿ ಕೊಟ್ಟು, ಕೈಗೆ ಪಾಠದ ಪುಸ್ತಕ ಕೊಡಲಾಯಿತು.

ಪ್ರಯೋಗದಲ್ಲಿ ಕಂಡದ್ದು

ಒಳ್ಳೆಯ ಉದ್ದೇಶದ ಕಾರ್ಯಕ್ರಮಗಳು ಬೇಕಾದಷ್ಟಿವೆ. ಇದರ ಬೆಲೆ ಇರುವುದು ಇದನ್ನು ಔಷಧಿ ಪರೀಕ್ಷಿಸುವಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಿದ್ದರಲ್ಲಿ. 2011–12ರಲ್ಲಿ ಸೆಲ್ಟಿಕ್, ರೇಂಜರ್ಸ್, ಅಬರ್ಡೀನ್ ಸೇರಿದಂತೆ 13 ಕ್ಲಬ್ಬುಗಳಲ್ಲಿ 747 ಗಂಡಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 374 ಮಂದಿಗೆ ಕೂಡಲೇ ಕಾರ್ಯಕ್ರಮ ಶುರುವಾಯಿತು. ಉಳಿದ 373 ಮಂದಿಗೆ ತೂಕ ಇಳಿಸುವ ಬಗ್ಗೆ ಒಂದು ಕೈಪಿಡಿ ಕೊಟ್ಟು, ಒಂದು ವರ್ಷ ಕಾಯಿರಿ ಎಂದರು. ಕಾಯುವ ಗುಂಪು ಇರಲೇಬೇಕು. ಹೊಸ ಹುರುಪಿನಲ್ಲಿ ಹೆಸರು ಕೊಟ್ಟವರು ಏನೂ ಮಾಡದಿದ್ದರೂ ಸ್ವಲ್ಪ ಇಳಿಯುತ್ತಾರೆ, ಆ ಇಳಿಕೆಯನ್ನು ಕಾರ್ಯಕ್ರಮದ ಖಾತೆಗೆ ಬರೆದುಕೊಳ್ಳುವಂತಿಲ್ಲ.

ಶುರುವಿನಲ್ಲಿ ಇವರ ಸರಾಸರಿ ವಯಸ್ಸು 47, ತೂಕ ಸುಮಾರು 109 ಕೆ.ಜಿ. ಒಂದು ವರ್ಷದ ನಂತರ ಅಳೆದಾಗ ಕಾರ್ಯಕ್ರಮದ ಗುಂಪು ಸರಾಸರಿ 5.56 ಕೆ.ಜಿ. ಇಳಿದಿತ್ತು, ಕಾದ ಗುಂಪು 0.58 ಕೆ.ಜಿ. ಶೇಕಡಾ 5 ಅಥವಾ ಹೆಚ್ಚು ತೂಕ ಇಳಿಸಿದವರು ಮೊದಲ ಗುಂಪಿನಲ್ಲಿ ಶೇ. 39, ಎರಡನೆಯದರಲ್ಲಿ ಶೇ. 11. ಎರಡು ಗುಂಪುಗಳ ನಡುವೆ ಸೊಂಟದ ಅಳತೆಯ ಅಂತರ ಸುಮಾರು 5 ಸೆಂಟಿಮೀಟರ್, ಮೇಲಿನ ಬಿಪಿಯದು ಸುಮಾರು 2 ಪಾಯಿಂಟ್. ಫಲಿತಾಂಶ 2014ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಐದು ಕಿಲೋ, ಎರಡು ಪಾಯಿಂಟ್ ಬಿಪಿ! ಇಷ್ಟಕ್ಕೇ ಇಷ್ಟು ಸದ್ದೇ ಎನ್ನಿಸಬಹುದು. ಒಬ್ಬನ ಮಟ್ಟಿಗೆ ಎರಡು ಪಾಯಿಂಟ್ ಸಣ್ಣದು ನಿಜ, ಬೆಳಗಿನ ಬಿಪಿಗೂ ಸಂಜೆಯ ಬಿಪಿಗೂ ಅದಕ್ಕಿಂತ ಹೆಚ್ಚು ವ್ಯತ್ಯಾಸ ಇರುತ್ತದೆ. ಆದರೆ ಸಾವಿರಾರು ಮಂದಿಯ ಸರಾಸರಿ ಎರಡು ಪಾಯಿಂಟ್ ಕೆಳಗಿಳಿದು ವರ್ಷಗಟ್ಟಲೆ ಅಲ್ಲೇ ನಿಂತರೆ ಪಾರ್ಶ್ವವಾಯು, ಹೃದಯಾಘಾತಗಳ ಸಂಖ್ಯೆ ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ. ಇನ್ನೊಂದು ಮಾತನ್ನೂ ನೇರವಾಗಿ ಹೇಳಬೇಕು. ಈ ಪ್ರಯೋಗ ಎಣಿಸಿದ್ದು ತೂಕ, ಸೊಂಟ, ಬಿಪಿಯನ್ನು, ತಪ್ಪಿದ ಹೃದಯಾಘಾತಗಳನ್ನಲ್ಲ. 747 ಜನರನ್ನು ಒಂದು ವರ್ಷ ನೋಡಿ ಅದನ್ನು ಹೇಳಲು ಬರುವುದಿಲ್ಲ. ಹೃದಯವನ್ನು ಕೆಡಿಸುವ ಕಾರಣಗಳು ಕಡಿಮೆಯಾದವು ಎನ್ನುವುದಷ್ಟೇ ಇಲ್ಲಿ ಸಾಬೀತಾಗಿರುವ ಸಂಗತಿ.

ಕ್ಲಬ್ಬು ಮಾಡುವ ಕೆಲಸ ಏನು?

ಇಲ್ಲಿ ಅನೇಕರು ಎಡವುತ್ತಾರೆ. ಫುಟ್‌ಬಾಲ್ ಆಡಿಸಿದ್ದರಿಂದ ತೂಕ ಇಳಿಯಿತು ಎಂದುಕೊಂಡು, ನಡುವಯಸ್ಸಿನವರಿಗೊಂದು ಟೂರ್ನಿ ಇಟ್ಟು, ಕಪ್ ಕೊಟ್ಟು ಮುಗಿಸುತ್ತಾರೆ. ಎಫ್‌ಎಫ್‌ಐಟಿಗೆ ಬಂದವರು ಆಟಗಾರರಲ್ಲ, ಅಭಿಮಾನಿಗಳು. ಕಾರ್ಯಕ್ರಮದ ಮುಖ್ಯ ವ್ಯಾಯಾಮ ನಡಿಗೆ. ಚೆಂಡು ಬಂದಾಗಲೂ ಅದು ಹಗುರ ಆಟ.

ಕ್ಲಬ್ಬು ಕೊಡುವುದು ಬಾಗಿಲನ್ನು. ಟಿಕೆಟ್ ಕೊಂಡು ಗ್ಯಾಲರಿಯಲ್ಲಿ ಕೂತು ನೋಡುತ್ತಿದ್ದ ಮೈದಾನದ ಅಂಚಿನಲ್ಲಿ ಈಗ ತಾನೇ ನಡೆಯಬಹುದು. ಆಟಗಾರರು ಹೊರಬರುವ ಸುರಂಗದ ದಾರಿಯಲ್ಲಿ ಹೋಗಬಹುದು, ಡ್ರೆಸ್ಸಿಂಗ್ ರೂಮಿನೊಳಗೆ ಕಾಲಿಡಬಹುದು. ಮೈಮೇಲೆ ಕ್ಲಬ್ಬಿನ ಟೀ ಶರ್ಟ್. ‘ಡಯಟ್ ಕ್ಲಾಸಿಗೆ ಹೋಗ್ತಿದ್ದೀನಿ’ ಎಂದು ಗೆಳೆಯರ ಮುಂದೆ ಹೇಳಲು ಮುಜುಗರಪಡುವವನು ‘ಕ್ಲಬ್ಬಿಗೆ ಟ್ರೈನಿಂಗಿಗೆ ಹೋಗ್ತಿದ್ದೀನಿ’ ಎಂದು ಎದೆಯುಬ್ಬಿಸಿ ಹೇಳುತ್ತಾನೆ. ಒಳಗೆ ಬಂದರೆ ಸುತ್ತ ಇರುವವರೆಲ್ಲ ತನ್ನಂತೆಯೇ ಹೊಟ್ಟೆ ಇರುವವರು, ತನ್ನ ವಯಸ್ಸಿನವರು, ತನ್ನ ತಂಡದವರು. ಜಿಮ್ಮಿನ ಕನ್ನಡಿ, ಕಟ್ಟುಮಸ್ತಾದ ಹುಡುಗರು, ಯಾರಾದರೂ ನೋಡಿ ನಕ್ಕಾರೆಂಬ ಅಳುಕು ಇಲ್ಲಿಲ್ಲ. ಗುಂಪು ಸಣ್ಣದಿರಬೇಕು, ಒಬ್ಬ ಕೋಚ್‌ಗೆ ಹದಿನೈದು ಮಂದಿ ಮೀರಬಾರದು. ಮೀರಿದರೆ ಯಾರು ಬಂದಿಲ್ಲ ಎನ್ನುವುದು ಗೊತ್ತಾಗುವುದಿಲ್ಲ, ಬಾರದವನಿಗೆ ಯಾರೂ ಫೋನ್ ಮಾಡುವುದಿಲ್ಲ, ಎರಡು ವಾರ ತಪ್ಪಿಸಿದವನು ಮೂರನೆಯ ವಾರ ಬರುವುದೇ ಇಲ್ಲ.

ಮೊದಲ ದಿನದ ಅಳತೆ

ಯಾವ ಕ್ಲಬ್ಬಿನಲ್ಲೇ ಮಾಡಲಿ, ಮೊದಲ ದಿನ ವ್ಯಾಯಾಮ ಇಲ್ಲ. ಅಳತೆ ಮಾತ್ರ. ಎತ್ತರ, ತೂಕ, ಸೊಂಟ, ಬಿಪಿ, ಜೊತೆಗೆ ಪ್ರಶ್ನೆಗಳು: ನಡೆಯುವಾಗ ಎದೆ ಬಿಗಿಯುತ್ತದೆಯೇ, ತಲೆಸುತ್ತಿ ಬಿದ್ದಿದ್ದುಂಟೇ, ಮನೆಯಲ್ಲಿ ಯಾರಾದರೂ ಐವತ್ತೈದರೊಳಗೆ ಹಠಾತ್ತಾಗಿ ತೀರಿಕೊಂಡಿದ್ದಾರೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ.

ಸೊಂಟದ ಅಳತೆಯಲ್ಲಿ ಗಂಡಸರು ಸಾಮಾನ್ಯವಾಗಿ ಪ್ಯಾಂಟಿನ ಸೈಜ್ ಹೇಳುತ್ತಾರೆ. ಅದು ಲೆಕ್ಕಕ್ಕಿಲ್ಲ. ಹೊಟ್ಟೆ ಬಂದಂತೆಲ್ಲ ಬೆಲ್ಟು ಅದರ ಕೆಳಗೆ ಜಾರುತ್ತದೆ, ಹಾಗಾಗಿ ಹತ್ತು ವರ್ಷದಿಂದ ಅದೇ ಸೈಜ್ ಹಾಕುತ್ತಿರುವವನ ಹೊಟ್ಟೆ ಅಷ್ಟರಲ್ಲಿ ಎಷ್ಟೋ ಬೆಳೆದಿರಬಹುದು. ಪಕ್ಕೆಲುಬಿನ ಕೊನೆಯ ಎಲುಬು ಕೈಗೆ ಸಿಗುವ ಜಾಗ ಒಂದು, ಸೊಂಟದ ಮೂಳೆಯ ಮೇಲಂಚು ಇನ್ನೊಂದು. ಇವೆರಡರ ನಟ್ಟನಡುವೆ, ಬಟ್ಟೆ ಸರಿಸಿ, ಟೇಪನ್ನು ನೆಲಕ್ಕೆ ಸಮನಾಗಿ ಸುತ್ತಬೇಕು. ಉಸಿರನ್ನು ಸಹಜವಾಗಿ ಹೊರಬಿಟ್ಟ ಮೇಲೆ ಓದಬೇಕು. ಹೊಟ್ಟೆ ಒಳಗೆಳೆದುಕೊಂಡರೆ ಸುಲಭವಾಗಿ ಮೂರ್ನಾಲ್ಕು ಸೆಂಟಿಮೀಟರ್ ಮೋಸವಾಗುತ್ತದೆ. ಈ ಅಳತೆಗೆ ಇಷ್ಟು ಕಾಳಜಿ ಯಾಕೆಂದರೆ ಚರ್ಮದ ಕೆಳಗಿನ ಕೊಬ್ಬಿಗಿಂತ ಯಕೃತ್ತು, ಕರುಳುಗಳ ಸುತ್ತ ಕೂಡುವ ಕೊಬ್ಬು ಹೆಚ್ಚು ಅಪಾಯಕಾರಿ. ಅದು ರಕ್ತದಲ್ಲಿನ ಸಕ್ಕರೆ ಮತ್ತು ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಏರಿಸುತ್ತದೆ, ಬಿಪಿ ಹೆಚ್ಚಿಸುತ್ತದೆ. ತೂಕದ ಮಾಪಕಕ್ಕೆ ಕಾಣದ ಈ ಕೊಬ್ಬು ಟೇಪಿಗೆ ಕಾಣುತ್ತದೆ.

ಬಿಪಿ ನೋಡುವಾಗ ಆಗುವ ತಪ್ಪುಗಳೂ ಒಂದೆರಡಲ್ಲ. ಮೆಟ್ಟಿಲು ಹತ್ತಿ ಬಂದವನಿಗೆ ಕೂಡಲೇ ಪಟ್ಟಿ ಸುತ್ತುತ್ತಾರೆ, ಅಳೆಯುತ್ತಲೇ ಮಾತಾಡಿಸುತ್ತಾರೆ. ಅಳೆಯುವ ಅರ್ಧ ಗಂಟೆ ಮುಂಚೆ ಕಾಫಿ, ಸಿಗರೇಟು, ವ್ಯಾಯಾಮ ಇರಬಾರದು. ಐದು ನಿಮಿಷ ಸುಮ್ಮನೆ ಕೂರಿಸಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಇಲ್ಲ, ತೋಳು ಹೃದಯದ ಮಟ್ಟಕ್ಕೆ ಮೇಜಿನ ಮೇಲೆ. ಒಂದೊಂದು ನಿಮಿಷ ಬಿಟ್ಟು ಎರಡು ಮೂರು ಸಲ ನೋಡಬೇಕು. ಎಲ್ಲಕ್ಕಿಂತ ಮುಖ್ಯ, ತೋಳಿಗೆ ತಕ್ಕ ಪಟ್ಟಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಬಿಗಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ತೂಕ ಹೆಚ್ಚಿರುವವರೇ ಬರುವ ಕಾರ್ಯಕ್ರಮದಲ್ಲಿ ದೊಡ್ಡ ಪಟ್ಟಿ ಇಲ್ಲದೆ ಹೊರಟರೆ ಅರ್ಧ ಜನರ ಅಂಕಿಯೇ ತಪ್ಪು.

160/100 ಅಥವಾ ಅದರ ಮೇಲೆ ಬಂದವನನ್ನು ಮನೆಗೆ ಕಳಿಸಿಬಿಡಬಾರದು. ತರಗತಿಗೆ ಕೂರಲಿ, ಆರಾಮಾಗಿ ನಡೆಯಲಿ. ವೈದ್ಯರು ಸರಿ ಎನ್ನುವವರೆಗೆ ಬಿರುಸಿನ ವ್ಯಾಯಾಮ ಬೇಡ. ಎಫ್‌ಎಫ್‌ಐಟಿಯಂಥ ಕಾರ್ಯಕ್ರಮದ ದೊಡ್ಡ ಲಾಭ ಇಲ್ಲೇ ಅಡಗಿದೆ ಎಂದರೂ ತಪ್ಪಲ್ಲ. ಏರಿದ ಬಿಪಿ ನೋಯುವುದಿಲ್ಲ, ಆದ್ದರಿಂದ ಅಳೆಸಿಕೊಳ್ಳುವವರೆಗೆ ಗೊತ್ತಾಗುವುದೂ ಇಲ್ಲ.

ಹನ್ನೆರಡು ವಾರಗಳ ಏಣಿ

ತೊಂಬತ್ತು ನಿಮಿಷದಲ್ಲಿ ಒಂದು ಭಾಗ ಮಾತು, ಇನ್ನೊಂದು ಭಾಗ ಮೈದಾನ. ಮೊದಲ ವಾರಗಳಲ್ಲಿ ಮಾತು ಹೆಚ್ಚು, ಮೈದಾನ ಕಡಿಮೆ. ಕೊನೆಯ ವಾರಗಳಲ್ಲಿ ಇದು ತಿರುವುಮುರುವು. ಈ ಕ್ರಮಕ್ಕೆ ಕಾರಣವಿದೆ. ವರ್ಷಗಟ್ಟಲೆ ಕೂತು ಕೆಲಸ ಮಾಡಿದ ಮೈಗೆ ಮೊದಲ ದಿನವೇ ಓಟ ಹಚ್ಚಿದರೆ ಮರುದಿನ ಮಂಡಿ ಊದುತ್ತದೆ, ಮುಂದಿನ ವಾರ ಕುರ್ಚಿ ಖಾಲಿ. ಅದೇ ವೇಳೆಗೆ, ಯಾಕೆ ಮತ್ತು ಹೇಗೆ ಎನ್ನುವುದು ಮೊದಲೇ ತಲೆಗೆ ಹೋಗಿರಬೇಕು.

ನಡಿಗೆಯಿಂದ ಶುರು. ಪ್ರತಿಯೊಬ್ಬನಿಗೂ ಸೊಂಟಕ್ಕೆ ಸಿಕ್ಕಿಸುವ, ಹೆಜ್ಜೆ ಎಣಿಸುವ ಪೆಡೋಮೀಟರ್. ಈಗಾದರೆ ಫೋನೋ ವಾಚೋ ಆದೀತು. ಮೊದಲ ವಾರ ಏನನ್ನೂ ಬದಲಿಸದೆ, ದಿನಕ್ಕೆ ಎಷ್ಟು ಹೆಜ್ಜೆ ಎಂದು ಬರೆದುಕೊಳ್ಳುವುದು ಮಾತ್ರ. ಅದು 4,500 ಬಂತೆನ್ನಿ. ಮುಂದಿನ ಗುರಿ ಹತ್ತು ಸಾವಿರ ಅಲ್ಲ! ವಾರಕ್ಕೆ ಮೂರು ದಿನ 1,500 ಹೆಜ್ಜೆ ಹೆಚ್ಚು, ಅಂದರೆ 6,000. ನಿಮಿಷಕ್ಕೆ ನೂರು ಹೆಜ್ಜೆಯಂತೆ ನಡೆದರೆ ಇದು ಹದಿನೈದು ನಿಮಿಷದ ಕೆಲಸ. ಅದು ಒಗ್ಗಿದ ಮೇಲೆ ಐದು ದಿನ. ಆಮೇಲೆ 3,000 ಹೆಚ್ಚು, ಮೊದಲು ಮೂರು ದಿನ, ನಂತರ ಐದು ದಿನ. ಅರ್ಧ ಗಂಟೆಯಂತೆ ಐದು ದಿನ ಬಿರುಸಿನ ನಡಿಗೆ ಎಂದರೆ ವಾರಕ್ಕೆ 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಕನಿಷ್ಠ ಮಟ್ಟ ಅದೇ. ಎಲ್ಲರಿಗೂ ಒಂದೇ ಗುರಿ ಕೊಡದೆ, ಅವನವನ ಮೊದಲ ವಾರದ ಅಂಕಿಯ ಮೇಲೆ ಕಟ್ಟುವುದರಿಂದ 3,000 ಹೆಜ್ಜೆಯವನೂ ಸೋಲುವುದಿಲ್ಲ, 8,000 ಹೆಜ್ಜೆಯವನೂ ಸುಮ್ಮನಿರುವುದಿಲ್ಲ.

ಬಿರುಸು ಎಷ್ಟಿರಬೇಕು? ಪಕ್ಕದವನ ಜೊತೆ ಮಾತಾಡಲು ಬರಬೇಕು, ಹಾಡು ಹೇಳಲು ಬರಬಾರದು. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ಈ ಪರೀಕ್ಷೆಯೇ ಸರಿ. ಆ ಮಾತ್ರೆ ನಾಡಿಯನ್ನು ಏರಗೊಡುವುದಿಲ್ಲ, ಹಾಗಾಗಿ ವಾಚಿನ ಹಾರ್ಟ್ ರೇಟ್ ನೋಡಿಕೊಂಡು ‘ಇನ್ನೂ ಜೋರಾಗಿ’ ಎಂದು ದೂಡಿದರೆ ಅಪಾಯ.

ಮೈದಾನದ ಭಾಗದಲ್ಲಿ ಹತ್ತು ನಿಮಿಷ ಮೈ ಬಿಸಿ ಮಾಡುವುದು, ಕೊನೆಗೆ ಹತ್ತು ನಿಮಿಷ ನಿಧಾನವಾಗಿ ಇಳಿಸುವುದು ಕಡ್ಡಾಯ. ನಡುವೆ ಐದಾರು ನೆಲೆಗಳ ಸುತ್ತು ಸಾಕು: ಗೋಡೆಗೆ ಕೈಯೂರಿ ದಂಡ, ಕುರ್ಚಿಯಿಂದ ಎದ್ದು ಕೂರುವುದು, ರಬ್ಬರ್ ಪಟ್ಟಿ ಎಳೆಯುವುದು, ಒಂದು ಮೆಟ್ಟಿಲು ಹತ್ತಿಳಿಯುವುದು, ಚೆಂಡು ಪಾಸ್ ಮಾಡುವುದು. ನಲವತ್ತು ಸೆಕೆಂಡ್ ಕೆಲಸ, ಇಪ್ಪತ್ತು ಸೆಕೆಂಡ್ ಬಿಡುವು. ಹೊತ್ತಾಯಿತೆಂದು ಬಹುತೇಕ ಕಡೆ ಹಾರಿಸಿಬಿಡುವುದು ಕೊನೆಯ ಹತ್ತು ನಿಮಿಷವನ್ನು. ವ್ಯಾಯಾಮದ ವೇಳೆ ಕಾಲಿನ ರಕ್ತನಾಳಗಳು ಹಿಗ್ಗಿರುತ್ತವೆ. ಗಕ್ಕನೆ ನಿಂತರೆ ರಕ್ತ ಅಲ್ಲೇ ಉಳಿದು ಬಿಪಿ ಕುಸಿಯುತ್ತದೆ, ಕಣ್ಣು ಕತ್ತಲಿಡುತ್ತದೆ. ಮೊದಲೇ ಬಿಪಿ ಮಾತ್ರೆಯಲ್ಲಿರುವವನು ಬಿದ್ದೇಬಿಡಬಹುದು.

ತಟ್ಟೆ ಮತ್ತು ಗ್ಲಾಸು

ಎಫ್‌ಎಫ್‌ಐಟಿಯಲ್ಲಿ ಯಾವ ಆಹಾರಕ್ಕೂ ನಿಷೇಧ ಇರಲಿಲ್ಲ. ಪ್ರತಿಯೊಬ್ಬನ ವಯಸ್ಸು, ತೂಕಕ್ಕೆ ದಿನಕ್ಕೆ ಬೇಕಾಗುವ ಕ್ಯಾಲೊರಿ ಅಂದಾಜು ಮಾಡಿ, ಅದರಿಂದ 600 ಕಳೆಯುವುದು ಸೂತ್ರ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 600ರಂತೆ ವಾರಕ್ಕೆ 4,200 ಕಡಿಮೆಯಾದರೆ ಅರ್ಧ ಕಿಲೋ ಚಿಲ್ಲರೆ ಇಳಿಯಬೇಕು. ಹನ್ನೆರಡು ವಾರಕ್ಕೆ ಸುಮಾರು ಆರೂವರೆ ಕಿಲೋ. ಒಟ್ಟು ಗುರಿ ತೂಕದ ಶೇ. 5ರಿಂದ 10. ಇದಕ್ಕಿಂತ ವೇಗ ಬೇಡ, ಕಾರಣ ಮುಂದೆ ಬರುತ್ತದೆ.

ಆ ಆರುನೂರು ಎಲ್ಲಿಂದ ಬರಬೇಕು ಎಂದು ಹುಡುಕುವಾಗ ಗಂಡಸರ ಲೆಕ್ಕದಲ್ಲಿ ಮೊದಲು ಸಿಗುವುದು ಕುಡಿತ. ಸ್ಕಾಟ್ಲೆಂಡಿನ ಒಂದು ಪೈಂಟ್ ಬಿಯರ್, ಅಂದರೆ 568 ಮಿಲಿಲೀಟರ್, ಸುಮಾರು 180 ಕ್ಯಾಲೊರಿ. ಪಂದ್ಯದ ದಿನ ಐದು ಪೈಂಟ್ ಕುಡಿದರೆ 900. ಅದು ಊಟವೆಂದು ಯಾರ ಲೆಕ್ಕದಲ್ಲೂ ಇರುವುದಿಲ್ಲ, ಅದರ ಮೇಲೆ ಊಟ ಬೇರೆ. ನಮ್ಮಲ್ಲಿ ಸಿಗುವ 650 ಮಿಲಿಲೀಟರಿನ ಬಿಯರ್ ಬಾಟಲಿ ಶೇ. 5 ಆಲ್ಕೋಹಾಲಿನದಾದರೆ ಸುಮಾರು 270 ಕ್ಯಾಲೊರಿ. 60 ಮಿಲಿಲೀಟರ್ ವಿಸ್ಕಿ ಸುಮಾರು 140. ಜೊತೆಗೆ ಬರುವ ಕರಿದ ಕಡಲೆಬೀಜ, ಕಬಾಬಿನ ಲೆಕ್ಕ ಬೇರೆ. ‘ಕುಡಿಯಬೇಡ’ ಎಂದರೆ ಕಿವಿ ಮುಚ್ಚಿಕೊಳ್ಳುವವರಿಗೂ ಈ ಅಂಕಿ ಕೇಳಿಸುತ್ತದೆ. ಐದರಿಂದ ಮೂರಕ್ಕೆ ಇಳಿಸುತ್ತೇನೆ ಎಂದು ಅವರಾಗಿಯೇ ಹೇಳಿದರೆ, ಆ ಮಾತು ಹೆಚ್ಚು ಕಾಲ ನಿಲ್ಲುತ್ತದೆ.

ಕನ್ನಡದ ಅಡುಗೆಮನೆಯಲ್ಲಿ ಇದೇ ಲೆಕ್ಕವನ್ನು ಎಣ್ಣೆಯಿಂದ ಶುರು ಮಾಡಬೇಕು. ಒಂದು ದೊಡ್ಡ ಚಮಚ ಎಣ್ಣೆ 120 ಕ್ಯಾಲೊರಿ, ಯಾವ ಎಣ್ಣೆಯಾದರೂ ಅಷ್ಟೇ. ನೂರು ಗ್ರಾಂ ಅನ್ನ ಸುಮಾರು 130. ಎರಡನೆಯ ಸಲ ಬಡಿಸಿಕೊಳ್ಳುವ ಅನ್ನದ ಜಾಗಕ್ಕೆ ಪಲ್ಯ, ಕಾಳಿನ ಉಸಲಿ ಬಂದರೆ ಹೊಟ್ಟೆ ತುಂಬುತ್ತದೆ, ಕ್ಯಾಲೊರಿ ತಗ್ಗುತ್ತದೆ. ದಿನಕ್ಕೆ ನಾಲ್ಕು ಸಲದ ಕಾಫಿ ಟೀಯಲ್ಲಿ ತಲಾ ಎರಡು ಚಮಚ ಸಕ್ಕರೆ ಬಿಟ್ಟರೆ ಸುಮಾರು 130 ಉಳಿಯಿತು. ಬಿಪಿ ಇರುವವನು ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ, ಬೇಕರಿ ಖಾರದ ಕಡೆ ನೋಡಬೇಕು. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ ಒಳಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಡುಗೆ ಮಾಡುವವರು ಮನೆಯ ಹೆಂಗಸರಾಗಿದ್ದರೆ ಒಂದು ವಾರವಾದರೂ ಅವರನ್ನು ಕ್ಲಬ್ಬಿಗೆ ಕರೆಯುವುದು ಜಾಣತನ. ತಿನ್ನುವವನಿಗೆ ಪಾಠ ಹೇಳಿ, ಎಣ್ಣೆ ಹಾಕುವವರಿಗೆ ಹೇಳದಿದ್ದರೆ ಏನೂ ಬದಲಾಗುವುದಿಲ್ಲ.

ಏನು ಕೆಡುತ್ತದೆ

ಸ್ಕಾಟ್ಲೆಂಡಿನ ಪ್ರಯೋಗದಲ್ಲಿ ಗಂಭೀರ ತೊಂದರೆಗಳು ಒಟ್ಟು ಎಂಟು ವರದಿಯಾದವು, ಕಾರ್ಯಕ್ರಮದ ಗುಂಪಿನಲ್ಲಿ ಐದು, ಕಾದ ಗುಂಪಿನಲ್ಲಿ ಮೂರು. ಕಾರ್ಯಕ್ರಮಕ್ಕೆ ನೇರ ಸಂಬಂಧ ಇದ್ದದ್ದು ಎರಡಕ್ಕೆ: ಒಬ್ಬನ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು, ಇನ್ನೊಬ್ಬನ ಪಿತ್ತಕೋಶ ತೆಗೆಯಬೇಕಾಯಿತು. ಎರಡರಲ್ಲೂ ಕಲಿಯುವುದಿದೆ.

ಹಿಮ್ಮಡಿಯ ರಜ್ಜು ಹರಿಯುವುದು ನಡೆಯುವಾಗ ಅಲ್ಲ. ನಲವತ್ತರ ಆಚೆಯವನು ಚೆಂಡು ಕಂಡೊಡನೆ ಇಪ್ಪತ್ತರ ಹುಡುಗನಂತೆ ಚಿಮ್ಮಿದಾಗ. ವಯಸ್ಸಾದಂತೆ ಈ ರಜ್ಜು ಗಡುಸಾಗುತ್ತದೆ, ಮೇಲಿಂದ ತೂಕ ಹೆಚ್ಚು. ಆದ್ದರಿಂದ ಮೊದಲ ಆರು ವಾರ ಸ್ಪರ್ಧೆಯ ಆಟ ಇಡದಿರುವುದು, ಇಟ್ಟಾಗಲೂ ‘ಓಡುವಂತಿಲ್ಲ, ನಡೆದೇ ಆಡಬೇಕು’ ಎಂಬ ನಿಯಮ ಹಾಕುವುದು ಒಳ್ಳೆಯದು. ಪಿತ್ತಕೋಶದ ವಿಷಯ ಬೇರೆ. ತೂಕ ತೀರಾ ಬೇಗ ಇಳಿದಾಗ ಯಕೃತ್ತು ಪಿತ್ತರಸಕ್ಕೆ ಹೆಚ್ಚು ಕೊಲೆಸ್ಟರಾಲ್ ಸುರಿಯುತ್ತದೆ. ಊಟ ಬಿಟ್ಟು ಹಸಿದಿದ್ದರೆ ಪಿತ್ತಕೋಶ ಸಂಕುಚಿಸದೆ ಆ ರಸ ಅಲ್ಲೇ ನಿಂತು ಕಲ್ಲುಗಟ್ಟುತ್ತದೆ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಎಂಬ ಮಿತಿ ಇರುವುದು ಇದಕ್ಕೇ. ‘ಒಂದು ತಿಂಗಳಲ್ಲಿ ಹದಿನೈದು ಕಿಲೋ’ ಎಂದು ಕ್ಲಬ್ಬಿನೊಳಗೇ ಪಂತ ಕಟ್ಟುವವರನ್ನು ಕೋಚ್ ತಡೆಯಬೇಕು.

ಎಲ್ಲರಿಗೂ ಇರುವ ದೊಡ್ಡ ಭಯ ವ್ಯಾಯಾಮದ ನಡುವೆಯೇ ಹೃದಯ ನಿಂತುಬಿಟ್ಟರೆ ಎನ್ನುವುದು. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ 46ನೆಯ ವಯಸ್ಸಿಗೇ ಹೋದ ಮೇಲೆ ಕರ್ನಾಟಕದ ಮನೆಮನೆಯಲ್ಲೂ ಈ ಭಯ ಕೂತಿದೆ. ಜಿಮ್ಮಿಗೆ ಹೋಗುವುದೇ ತಪ್ಪೇನೋ ಎಂದು ಕೇಳಿದವರೆಷ್ಟೋ ಮಂದಿ. ಇದಕ್ಕೆ ಅಂಕಿಯ ಉತ್ತರವಿದೆ. ಹೃದಯಾಘಾತವಾದ 1,228 ರೋಗಿಗಳನ್ನು ಮಾತಾಡಿಸಿ 1993ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದ ಪ್ರಕಾರ, ವಾರಕ್ಕೆ ಒಮ್ಮೆಯೂ ಬಿರುಸಿನ ಶ್ರಮ ಮಾಡದವನು ಹಠಾತ್ತಾಗಿ ಮೈ ಬಗ್ಗಿಸಿದರೆ, ಆ ಒಂದು ಗಂಟೆಯಲ್ಲಿ ಹೃದಯಾಘಾತದ ಸಾಧ್ಯತೆ ಸುಮ್ಮನಿರುವ ಹೊತ್ತಿಗಿಂತ 107 ಪಟ್ಟು. ವಾರಕ್ಕೆ ಐದು ಅಥವಾ ಹೆಚ್ಚು ಸಲ ಶ್ರಮ ಮಾಡುವವನಿಗೆ ಅದು 2.4 ಪಟ್ಟು. ಒಂದು ಗಂಟೆಯ ಅಪಾಯ ಮೂಲತಃ ಅತಿ ಸಣ್ಣದು, ಆದ್ದರಿಂದ 107 ಪಟ್ಟು ಎಂದರೂ ಹೆದರಿ ಓಡಬೇಕಿಲ್ಲ. ಆದರೆ ಪಾಠ ಸ್ಪಷ್ಟ. ಅಪಾಯ ಅಡಗಿರುವುದು ಅಭ್ಯಾಸವಿಲ್ಲದ ಮೈಯನ್ನು ಒಮ್ಮೆಲೇ ದೂಡುವುದರಲ್ಲಿ. ವರ್ಷಕ್ಕೊಮ್ಮೆ ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ನಡೆಯುವ ‘ನಲವತ್ತು ಮೀರಿದವರ’ ಕ್ರಿಕೆಟ್, ಕಬಡ್ಡಿ ಪಂದ್ಯಗಳು ಈ ಲೆಕ್ಕದಲ್ಲಿ ಅತ್ಯಂತ ಕೆಟ್ಟ ಮಾದರಿ. ಮುನ್ನೂರ ಅರವತ್ತನಾಲ್ಕು ದಿನ ಕೂತು, ಒಂದು ದಿನ ಬಿಸಿಲಲ್ಲಿ ಪ್ರಾಣ ಒತ್ತೆಯಿಟ್ಟು ಓಡುವುದು. ಪಂದ್ಯ ಇರಲಿ, ಅದಕ್ಕೆ ಹನ್ನೆರಡು ವಾರ ಮುಂಚೆ ನಡಿಗೆ ಶುರುವಾಗಲಿ.

ಹದಿಮೂರನೆಯ ವಾರ

ಇಳಿದ ತೂಕ ಮರಳಿ ಬರುವುದು ಕಾರ್ಯಕ್ರಮ ಮುಗಿದ ಮೇಲೆ. ಎಫ್‌ಎಫ್‌ಐಟಿ ಇದಕ್ಕೆ ಹೆಚ್ಚು ಖರ್ಚು ಮಾಡಲಿಲ್ಲ: ಆಗಾಗ ಇ-ಮೇಲ್, ಮುಗಿದು ಆರು ತಿಂಗಳಾದ ಮೇಲೆ ಒಂದು ಮರುಭೇಟಿ, ಅಷ್ಟೇ. ನಿಜವಾದ ಸಿದ್ಧತೆ ಹನ್ನೆರಡು ವಾರದ ಒಳಗೇ ನಡೆದಿತ್ತು. ತೂಕ, ಹೆಜ್ಜೆ ತಾನೇ ಬರೆದುಕೊಳ್ಳುವುದು, ‘ಪ್ರಯತ್ನ ಮಾಡ್ತೀನಿ’ ಎನ್ನುವ ಬದಲು ‘ಮಂಗಳವಾರ, ಗುರುವಾರ ಕೆಲಸದಿಂದ ಬರುವಾಗ ಎರಡು ಸ್ಟಾಪ್ ಮುಂಚೆ ಇಳಿದು ನಡೀತೀನಿ’ ಎಂದು ದಿನ, ಜಾಗ ಹೆಸರಿಸುವುದು, ಮದುವೆ ಮನೆ, ಪ್ರವಾಸ, ಕಾಲು ನೋವು ಬಂದಾಗ ಏನು ಮಾಡಬೇಕೆಂದು ಮೊದಲೇ ಯೋಚಿಸಿಡುವುದು. ಮೂರೂವರೆ ವರ್ಷದ ನಂತರ ಮತ್ತೆ ಅಳೆದಾಗ ಮೊದಲ ಗುಂಪಿನವರು ಶುರುವಿನ ತೂಕಕ್ಕಿಂತ ಇನ್ನೂ ಸರಾಸರಿ 2.9 ಕೆ.ಜಿ. ಕೆಳಗಿದ್ದರು. ಅರ್ಧ ಮರಳಿ ಬಂತು ಎಂದೂ ಓದಬಹುದು, ಅರ್ಧ ಉಳಿಯಿತು ಎಂದೂ ಓದಬಹುದು. ತೂಕ ಇಳಿಸುವ ಪ್ರಯತ್ನಗಳ ಇತಿಹಾಸ ಬಲ್ಲವರಿಗೆ ಎರಡನೆಯ ಓದು ಸರಿಯೆನ್ನಿಸುತ್ತದೆ.

ಮಾದರಿ ಬೇರೆ ನೆಲಕ್ಕೂ ಹೋಯಿತು. ಕೆನಡಾದಲ್ಲಿ ಐಸ್ ಹಾಕಿ ಕ್ಲಬ್ಬು, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಅಲ್ಲಿನ ಫುಟ್‌ಬಾಲ್, ನ್ಯೂಜಿಲೆಂಡಿನಲ್ಲಿ ರಗ್ಬಿ. ಇಂಗ್ಲೆಂಡ್, ನೆದರ್ಲೆಂಡ್ಸ್, ನಾರ್ವೆ, ಪೋರ್ಚುಗಲ್‌ನ 15 ಕ್ಲಬ್ಬುಗಳಲ್ಲಿ 1,113 ಗಂಡಸರ ಜೊತೆ ನಡೆದ ‘ಯುರೋಫಿಟ್’ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ವರ್ಷದ ಕೊನೆಗೆ ಕಾದ ಗುಂಪಿಗಿಂತ ದಿನಕ್ಕೆ 678 ಹೆಜ್ಜೆ ಹೆಚ್ಚಾಗಿತ್ತು. ಕೂರುವ ಹೊತ್ತು ಮಾತ್ರ ಕಡಿಮೆಯಾಗಲಿಲ್ಲ, ಅದಕ್ಕೆಂದೇ ಮಾಡಿಸಿದ ಉಪಕರಣ ಕೊಟ್ಟಿದ್ದರೂ ಸಹ. ನಡಿಗೆಗೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳುವುದು ಒಬ್ಬನ ಕೈಯಲ್ಲಿದೆ; ಎಂಟು ಗಂಟೆ ಕುರ್ಚಿ ಅಥವಾ ಸ್ಟಿಯರಿಂಗ್ ಬಿಡುವುದು ಅವನ ಕೆಲಸದ ಕೈಯಲ್ಲಿದೆ.

ನಮ್ಮ ಮೈಗೆ ಬೇರೆ ಅಳತೆ

ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರಾಗಲಿ, ಇಲ್ಲಿರುವವರಾಗಲಿ ಸ್ಕಾಟ್ಲೆಂಡಿನ ಬಿಎಂಐ 28ನ್ನು ತಮ್ಮ ಗೆರೆ ಎಂದುಕೊಳ್ಳಬಾರದು. ದಕ್ಷಿಣ ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿರುತ್ತದೆ, ಶುಗರ್ ಮತ್ತು ಹೃದಯದ ಕಾಯಿಲೆ ಬೇಗ ಬರುತ್ತದೆ. ನಮ್ಮ ಎಚ್ಚರಿಕೆಯ ಗೆರೆ 23, ಅಪಾಯದ ಗೆರೆ 27.5. ಐದು ಅಡಿ ಒಂಬತ್ತು ಇಂಚು, ಅಂದರೆ 1.75 ಮೀಟರ್ ಎತ್ತರದವನಿಗೆ 23 ಎಂದರೆ ಸುಮಾರು 70 ಕಿಲೋ, 27.5 ಎಂದರೆ 84. ಸೊಂಟ ಗಂಡಸರಿಗೆ 90 ಸೆಂಟಿಮೀಟರ್ ಒಳಗೆ. ಯುರೋಪಿಯನ್ನರಿಗೆ ಹೇಳುವ 94, 102 ನಮಗಲ್ಲ. ಕೈಕಾಲು ಸಣಕಲಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವನು ‘ನಾನೇನು ದಪ್ಪ ಇಲ್ಲವಲ್ಲ’ ಎನ್ನುತ್ತಾನೆ. ಕಾರ್ಯಕ್ರಮಕ್ಕೆ ಮೊದಲು ಬರಬೇಕಾದವನು ಅವನೇ.

ಜಾಗಗಳಿಗೆ ನಮ್ಮಲ್ಲೂ ಬರವಿಲ್ಲ. ಕೊಡಗಿನಲ್ಲಿ 1997ರಿಂದ ನಡೆದುಬಂದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ನೂರಾರು ಮನೆತನಗಳ ತಂಡಗಳು ಸೇರುತ್ತವೆ. ಊರೂರಿನ ಯುವಕ ಸಂಘ, ಬಡಾವಣೆಯ ಶಟಲ್ ಕೋರ್ಟು, ಹಳೆಯ ಗರಡಿಮನೆ, ಕ್ರಿಕೆಟ್ ಕ್ಲಬ್ಬು, ಎಲ್ಲಿ ‘ನಮ್ಮ ತಂಡ’ ಎನ್ನುವ ಮಾತಿದೆಯೋ ಅಲ್ಲೆಲ್ಲ ಇದು ಸಾಧ್ಯ. ಬೇಕಾಗುವುದು ತೂಕದ ಮಾಪಕ, ಟೇಪು, ಎರಡು ಅಳತೆಯ ಪಟ್ಟಿ ಇರುವ ಡಿಜಿಟಲ್ ಬಿಪಿ ಯಂತ್ರ, ಒಂದು ನೋಟ್‌ಬುಕ್, ಹನ್ನೆರಡು ಸಂಜೆ, ಬಾರದವನಿಗೆ ಫೋನ್ ಮಾಡುವ ಒಬ್ಬ ಮನುಷ್ಯ, ಮತ್ತು ಬಿಪಿ ಏರಿದವರನ್ನು ನೋಡಲು ಒಪ್ಪಿದ ಒಬ್ಬ ವೈದ್ಯರು. ಒಂದು ದಿನದ ಉಚಿತ ತಪಾಸಣಾ ಶಿಬಿರ ಮಾಡಿ ಕೈತೊಳೆದುಕೊಂಡರೆ ಅಂಕಿ ಸಿಗುತ್ತದೆ, ಬದಲಾವಣೆ ಸಿಗುವುದಿಲ್ಲ.

ಶುರು ಮಾಡುವ ಮುನ್ನ ಕ್ಲಬ್ಬಿನ ಗೋಡೆಗೆ ಒಂದು ಹಾಳೆ ಅಂಟಿಸಬೇಕು. ಎದೆಯ ನಡುವೆ ಒತ್ತಿದಂಥ ಬಿಗಿತ, ಎಡತೋಳಿಗೆ ಅಥವಾ ದವಡೆಗೆ ಹರಿಯುವ ನೋವು, ಕಾರಣವಿಲ್ಲದ ತಣ್ಣನೆ ಬೆವರು, ಏದುಸಿರು ಕಂಡರೆ ಆಟ ನಿಲ್ಲಿಸಿ 108ಕ್ಕೆ ಕರೆ. ನಮ್ಮ ಗಂಡಸರ ಜೀವ ತೆಗೆಯುವ ಮಾತು ‘ಗ್ಯಾಸ್ಟ್ರಿಕ್ ಇರಬೇಕು’ ಎನ್ನುವುದು. ಈನೋ ಕುಡಿದು ಒಂದು ಗಂಟೆ ಕಾದು ನೋಡುವಷ್ಟರಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ ಎಂದು ಮೊದಲೇ ತಿಳಿದಿಟ್ಟುಕೊಳ್ಳಿ. ಪುನೀತ್ ರಾಜಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಂದ ಓದಿಸಿ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ.

ಯಾರಾದರೂ ಕುಸಿದು ಬಿದ್ದು, ಅಲುಗಾಡಿಸಿದರೂ ಓಗೊಡದೆ, ಉಸಿರಾಟ ಸರಿಯಿಲ್ಲದಿದ್ದರೆ ನೀರು ಚಿಮುಕಿಸುತ್ತ ಕೂರಬೇಡಿ. ಒಬ್ಬ 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬ ಎದೆಯ ನಡುವೆ ಎರಡೂ ಅಂಗೈ ಇಟ್ಟು ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಲಿ, ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಲಿ. ಒತ್ತದೆ ಕಳೆದ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ. 7ರಿಂದ 10 ಕಡಿಮೆಯಾಗುತ್ತದೆ. 2021ರ ಜೂನ್ 12ರಂದು ಕೋಪನ್‌ಹೇಗನ್ ಮೈದಾನದಲ್ಲಿ ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಬಿದ್ದಾಗ ಕ್ಷಣ ತಡಮಾಡದೆ ಎದೆ ಒತ್ತಿ, ಎಇಡಿ ಯಂತ್ರದ ಶಾಕ್ ಕೊಟ್ಟಿದ್ದರಿಂದ ಅವರು ಬದುಕಿದರು, ಮರುವರ್ಷ ಮತ್ತೆ ಆಡಿದರು. ಎಇಡಿ ತಾನೇ ಹೃದಯದ ಲಯ ಓದಿ, ಬೇಕಿದ್ದರೆ ಮಾತ್ರ ಶಾಕ್ ಕೊಡುತ್ತದೆ, ಏನು ಮಾಡಬೇಕೆಂದು ಬಾಯಲ್ಲೇ ಹೇಳುತ್ತದೆ. ಕ್ಲಬ್ಬಿನಲ್ಲಿ ಅದಿದ್ದರೆ ಬೀಗ ಹಾಕಿದ ಕಚೇರಿಯೊಳಗೆ ಇಡಬೇಡಿ. ಮೈದಾನಕ್ಕೆ ಹೋಗುವ ದಾರಿಯಲ್ಲಿ, ಎಲ್ಲರ ಕೈಗೆ ಎಟುಕುವ ಹಾಗೆ ತೂಗುಹಾಕಿ, ಅದರ ಬ್ಯಾಟರಿ ಮತ್ತು ಎದೆಗೆ ಅಂಟಿಸುವ ಪ್ಯಾಡ್‌ಗಳ ಅವಧಿ ಮುಗಿದಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ.